ಹುಸಿಯಾದ ಮೇಲೆ ಪೆಟ್ಟು

ಆ ಭಾನುವಾರವೂ ಐದೂಮುಕ್ಕಾಲಿಗೇ ಎದ್ದೆ. ಗೇಟಿಗೆ ಸಿಕ್ಕಿಸಿದ್ದ ಚೀಲದಿಂದ ಎರಡು ಪ್ಯಾಕೆಟ್ ಹಾಲು ತೆಗೆದುಕೊಂಡು, ಬಾಗಿಲ ಮುಂದೆ ನೀರು ಹಾಕಿ, ಪುಟ್ಟದೊಂದು ರಂಗೋಲಿ ಎಳೆದು ಒಳಗೆ ಬಂದೆ. ಫಿಲ್ಟರಿಗೆ ಪುಡಿ ತುಂಬಿ ಬಿಸಿನೀರು ಸುರಿದೆ. ಡಿಕಾಕ್ಷನ್ ಇಳಿಯುವಷ್ಟರಲ್ಲಿ ಹಾಲಿನ ಪಾತ್ರೆ ಒಲೆ ಮೇಲೆ ಕೂತಿತ್ತು. ಇದಿಷ್ಟೂ ನನ್ನ ಕೈ ತಾನಾಗಿ ಮಾಡಿಕೊಂಡು ಹೋಗುವ ಕೆಲಸ. ಆಮೇಲೆ ಆರೂಕಾಲಿಗೆ ವರಾಂಡದಿಂದ ಒಂದು ದೊಡ್ಡ ಉಸಿರೆಳೆದ ಸದ್ದು ಬರಬೇಕು. ಅದರ ಬೆನ್ನಿಗೇ ಟ್ರೊಂಬೋನ್ ಎಂಬ ಹಿತ್ತಾಳೆ ಕೊಳವೆಯ ಒಂದು ಉದ್ದನೆಯ ಸ್ವರ, ಕಿಟಕಿಯ ಗಾಜು ಸಣ್ಣಗೆ ಗುಂಯ್‌ಗುಡುವಂತೆ. ನಮ್ಮ ಮನೆಯಲ್ಲಿ ದಿನ ಶುರುವಾಗುವುದೇ ಹಾಗೆ.

ಆ ದಿನ ಬರಲಿಲ್ಲ. ಬಗ್ಗಿ ನೋಡಿದೆ. ನಮ್ಮ ಯಜಮಾನರು ಬೆತ್ತದ ಕುರ್ಚಿಯಲ್ಲಿ ಕೂತು, ಪೊರಕೆಯಿಂದ ಕಿತ್ತ ಒಂದು ಕಡ್ಡಿ ಹಿಡಿದು, ಗಾಳಿಯಲ್ಲಿ ಮೇಲೆ ಕೆಳಗೆ ಆಡಿಸುತ್ತಿದ್ದರು. ಟ್ರೊಂಬೋನಿನ ಪೆಟ್ಟಿಗೆ ಸ್ಟೂಲಿನ ಮೇಲೆ ಮುಚ್ಚಿಯೇ ಇತ್ತು.

"ಊದಲ್ವೇನ್ರೀ ಇವತ್ತು?"

"ಬೇಡ ಕಣೇ. ಇವತ್ತು ಬರೀ ಕೈ."

ಎಲ್ಲಿಂದಲೋ ಹಾಲು ಸೀದ ವಾಸನೆ ಬಂತು. ಓಡಿ ಹೋಗಿ ನೋಡಿದೆ. ನನ್ನದಲ್ಲ, ಅದು ಆಗಷ್ಟೇ ಕೆನೆ ಏಳುತ್ತಿತ್ತು. ಕಾಫಿ ಬೆರೆಸಿ ತಂದುಕೊಟ್ಟೆ. ಅವರು ಎಡಗೈಯಲ್ಲಿ ಲೋಟ ಹಿಡಿದು ಬಲಗೈಯಲ್ಲಿ ಕಡ್ಡಿ ಆಡಿಸುತ್ತಲೇ ಕುಡಿದರು. ಅಂಗಿಯ ಮೇಲೆ ಎರಡು ಹನಿ ಚೆಲ್ಲಿದ್ದು ಅವರಿಗೆ ತಿಳಿಯಲೇ ಇಲ್ಲ.

ಅವತ್ತು ಸಂಜೆ ಜಯನಗರದ ಒಂದು ಸಭಾಂಗಣದಲ್ಲಿ ಅವರು ಮೊದಲ ಸಲ ಆರ್ಕೆಸ್ಟ್ರಾದ ಮುಂದೆ ನಿಲ್ಲುವವರಿದ್ದರು. ಅಭ್ಯಾಸದಲ್ಲಿ ನಿಲ್ಲುವುದೇನೋ ಮೂರು ವಾರದಿಂದ ನಡೆದಿತ್ತು. ನಿಂತು ಶುರು ಮಾಡಿಸುವುದು ಮಾತ್ರ ಆಗುತ್ತಿರಲಿಲ್ಲ.

ಇಟ್ಟಮಡುವಿನ ಈ ಮನೆಗೆ ನಾನು ಸೊಸೆಯಾಗಿ ಬಂದಾಗ ಟ್ರೊಂಬೋನು ವರಾಂಡದಲ್ಲಿತ್ತು. ಈಗಲೂ ಅಲ್ಲೇ ಇದೆ. ಅದಕ್ಕೆ ನಮ್ಮತ್ತೆಯವರ ಶಾಸನ ಕಾರಣ. ಬಾಯಿಗಿಟ್ಟು ಊದುವ ವಾದ್ಯ ಎಂಜಲು. ಸಾಲದ್ದಕ್ಕೆ, ಊದಿದ ಮೇಲೆ ಅದರ ತುದಿಯ ಸಣ್ಣ ಕೀಲಿ ಒತ್ತಿ, ಒಳಗೆ ಸೇರಿದ ನೀರನ್ನು ನೆಲಕ್ಕೆ ಚೆಲ್ಲಬೇಕು. ಕೃಷ್ಣನ ಕೊಳಲೂ ಎಂಜಲೇ ಅಲ್ಲವೇನಮ್ಮ ಎಂದು ಮಗ ವಾದ ಹೂಡಿದ್ದರಂತೆ. ಅತ್ತೆ ಒಗ್ಗರಣೆ ಸೌಟು ಹಿಡಿದುಕೊಂಡೇ ಉತ್ತರ ಕೊಟ್ಟರಂತೆ: "ಕೃಷ್ಣ ಯಶೋದೆ ನಡುಮನೇಲಿ ಕೊಳಲು ಒದರಿ ಉಗುಳು ಚೆಲ್ತಿದ್ನೇನೋ?" ಅಲ್ಲಿಗೆ ವಾದ ಮುಗಿಯಿತು. ಅತ್ತೆ ಹೋಗಿ ಎಷ್ಟೋ ವರ್ಷವಾದರೂ ಪೆಟ್ಟಿಗೆ ಹೊಸ್ತಿಲು ದಾಟಿಲ್ಲ. ನಾನು ಕೆಳಗೊಂದು ಹಳೇ ಟವೆಲ್ ಹಾಸಿಡುತ್ತೇನೆ, ದಿನಾ ಒಗೆಯುತ್ತೇನೆ, ಅಷ್ಟೇ ಬದಲಾವಣೆ.

ವರಾಂಡದಲ್ಲಿ ಊದಿದ್ದರಿಂದ ಅದು ಬೀದಿಯ ಸ್ವತ್ತಾಯಿತು. ಪಕ್ಕದ ಮನೆಯ ಅಡುಗೆಮನೆ ಕಿಟಕಿಗೂ ನಮ್ಮ ವರಾಂಡಕ್ಕೂ ನಡುವೆ ಒಂದು ಕಾಂಪೌಂಡ್ ಗೋಡೆ, ಒಂದು ಕರಿಬೇವಿನ ಗಿಡ. ಆ ಮನೆಯ ಆಂಟಿ ನನಗಿಂತ ಹದಿನೈದು ವರ್ಷ ದೊಡ್ಡವರು. ಮೊದಮೊದಲು ಕಿಟಕಿಯಿಂದಲೇ, "ಮೇಷ್ಟ್ರೇ, ನಿಮ್ಮ ಆನೆಗೆ ಮದ ಬಂದಿದ್ಯಾ ಹೇಗೆ?" ಎನ್ನುತ್ತಿದ್ದರು. ಒಂದು ದಿನವಂತೂ ಕಬ್ಬಿನ ಜಲ್ಲೆಯೊಂದನ್ನು ಗೋಡೆಯ ಮೇಲಿಟ್ಟು, "ಆನೆಗೆ ಹಾಕಿ" ಎಂದು ಒಳಗೆ ಹೋದರು. ವರ್ಷ ಕಳೆದ ಹಾಗೆ ದೂರು ನಿಂತಿತು. ಕಿವಿ ಮಂದವಾಗಿರಬೇಕು ಎಂದು ನಾನು ತಿಳಿದುಕೊಂಡಿದ್ದೆ.

ನಮ್ಮವರಿಗೆ ಈ ವಾದ್ಯ ಸಿಕ್ಕಿದ್ದು ಕೈ ಉದ್ದ ಇದ್ದದ್ದಕ್ಕೆ. ಶಾಲೆಯ ಬ್ಯಾಂಡಿನಲ್ಲಿ ಹುಡುಗರನ್ನೆಲ್ಲ ಸಾಲಾಗಿ ನಿಲ್ಲಿಸಿ ಕೈ ಚಾಚಿಸಿದರಂತೆ. ಯಾರ ಕೈ ಸ್ಲೈಡಿನ, ಅಂದರೆ ಹಿಂದೆ ಮುಂದೆ ಜಾರುವ ಉದ್ದ ಕೊಳವೆಯ, ಕೊನೆ ಮುಟ್ಟಿತೋ ಅವನಿಗೆ ಟ್ರೊಂಬೋನು. ಅದೇ ಕೈ ಮುಂದೆ ಅನ್ನ ಹಾಕಿತು. ಜೆ.ಪಿ. ನಗರದ ಒಂದು ಶಾಲೆಯಲ್ಲಿ ಸಂಗೀತದ ಮೇಷ್ಟ್ರಾದರು. ಶನಿವಾರ ಮಧ್ಯಾಹ್ನ ಮನೆಯ ವರಾಂಡದಲ್ಲಿ ಪಾಠ. ಟ್ರೊಂಬೋನಿನಲ್ಲಿ ಒತ್ತಲು ಗುಂಡಿಗಳಿಲ್ಲ. ಸ್ಲೈಡು ಎಷ್ಟು ಜಾರಿತು ಎನ್ನುವುದರ ಮೇಲೆ ಸ್ವರ. ನಿಲ್ಲುವ ಜಾಗ ಏಳು. ಅವಕ್ಕೆ ಗುರುತೇನೂ ಇಲ್ಲ. ಇವರು ಮಕ್ಕಳಿಗೆ ಬಸ್ ಸ್ಟಾಪಿನ ಲೆಕ್ಕದಲ್ಲಿ ಹೇಳಿಕೊಡುತ್ತಿದ್ದರು: "ಒಂದನೇದು ಮನೆ. ಏಳನೇದು ಲಾಸ್ಟ್ ಸ್ಟಾಪ್. ಸ್ಟಾಪ್ ಇಲ್ಲದ ಕಡೆ ಇಳಿದ್ರೆ ಮೋರಿಗೆ ಬೀಳ್ತೀರಿ." ಒಬ್ಬಳು ಪುಟ್ಟ ಹುಡುಗಿಗೆ ಲಾಸ್ಟ್ ಸ್ಟಾಪ್ ಎಟುಕುತ್ತಲೇ ಇರಲಿಲ್ಲ. ನನ್ನ ಪೆಟಿಕೋಟಿನ ಲಾಡಿ ಕೇಳಿ ತೆಗೆದುಕೊಂಡು ಹೋಗಿ ಸ್ಲೈಡಿಗೆ ಕಟ್ಟಿದರು. ಅವಳು ಸ್ಲೈಡನ್ನು ತಳ್ಳಿ ಬಿಟ್ಟು, ಲಾಡಿ ಎಳೆದು ವಾಪಸ್ ತರುತ್ತಿದ್ದಳು. ಎರಡು ವರ್ಷದಲ್ಲಿ ಅವಳು ಉದ್ದವಾಗಿ, ಲಾಡಿ ಒಗೆದು ಮಡಿಚಿ ನನಗೆ ವಾಪಸ್ ಕೊಟ್ಟಳು.

ಭಾನುವಾರಗಳಂದು ಅದೇ ಶಾಲೆಯ ಹಾಲ್‌ನಲ್ಲಿ ಆರ್ಕೆಸ್ಟ್ರಾ ಕೂಡುತ್ತಿತ್ತು. ಯಾರೂ ಸಂಬಳಕ್ಕೆ ಬರುವವರಲ್ಲ. ಇವರ ಕುರ್ಚಿ ಕಟ್ಟಕಡೆಯ ಸಾಲಿನಲ್ಲಿ, ಫ್ಯಾನಿನ ಗಾಳಿ ಬಾರದ ಮೂಲೆಯಲ್ಲಿ. ನಾನೊಮ್ಮೆ ಹೋಗಿ ಕೂತು ನೋಡಿದೆ. ಒಂದು ಗಂಟೆಯಲ್ಲಿ ಇವರು ಊದಿದ್ದು ನಾಲ್ಕು ಸಲ. ಉಳಿದ ಹೊತ್ತೆಲ್ಲ ನಮ್ಮಜ್ಜಿ ಜಪ ಎಣಿಸುತ್ತಿದ್ದ ಹಾಗೆ ಹೆಬ್ಬೆರಳಿನಿಂದ ಬೆರಳ ಗೆಣ್ಣು ಮುಟ್ಟುತ್ತ ಕೂತಿದ್ದರು.

"ಇದೇನ್ರೀ, ಬರೀ ಎಣಿಸೋಕೆ ಅಷ್ಟು ದೂರ ಹೋಗ್ತೀರಾ?" ಎಂದೆ.

"ಆ ನಾಲ್ಕು ಸಲ ಸರಿಯಾಗಿ ಊದಬೇಕಾದ್ರೆ ಉಳಿದೋರು ಯಾವಾಗ ಏನು ಮಾಡ್ತಾರೆ ಅನ್ನೋದೆಲ್ಲಾ ಗೊತ್ತಿರ್ಬೇಕು ಕಣೇ" ಎಂದರು.

ಅವರ ಅದೃಷ್ಟ ತೆರೆದದ್ದೂ ಆ ಎಣಿಕೆಯಿಂದಲೇ. ಮುಂದೆ ನಿಂತು ಕೋಲಾಡಿಸಿ ಎಲ್ಲರನ್ನೂ ನಡೆಸುತ್ತಿದ್ದ ಹಿರಿಯ ಕಂಡಕ್ಟರಿಗೆ ಮಂಡಿ ನೋವು ಜಾಸ್ತಿಯಾಗಿ ಇನ್ನು ನಿಲ್ಲಲಾರೆ ಎಂದಾಗ, ಮುಂದೆ ಯಾರು ಎಂದು ಚರ್ಚೆಯಾಯಿತು. ಆ ಹಿರಿಯರೇ ಟೀಗೆ ಬಿಸ್ಕತ್ತು ಅದ್ದುತ್ತ ಹೇಳಿದರಂತೆ, "ಹಿಂದೆ ಕೂತು ಬೆರಳು ಎಣಿಸ್ತಾನಲ್ಲ, ಅವನಿಗೆ ಎಲ್ಲರ ಪಾಲೂ ಬಾಯಿಗೆ ಬರುತ್ತೆ. ಅವನನ್ನ ನಿಲ್ಲಿಸಿ." ತಾವು ಬಳಸುತ್ತಿದ್ದ ತೆಳ್ಳನೆಯ ಬಿಳಿ ಕೋಲನ್ನೂ ಕೊಟ್ಟರು. ಅದು ಬಾಯಿಗೆ ತಾಗದ ವಸ್ತು. ಹಾಗಾಗಿ ನಮ್ಮ ಮನೆಯ ಹೊಸ್ತಿಲು ದಾಟಿದ ಮೊದಲ ವಾದ್ಯ ಅದೇ. ದೇವರ ಗೂಡಿನಲ್ಲಿ ಕರ್ಪೂರದ ಡಬ್ಬಿಯ ಪಕ್ಕ ಇಟ್ಟೆ. ಇವರು ಅದನ್ನು ಮುಟ್ಟಲು ಹೆದರಿ ಪೊರಕೆ ಕಡ್ಡಿಯಲ್ಲೇ ಅಭ್ಯಾಸ ಮಾಡುತ್ತಿದ್ದರು. ಕಂಡಕ್ಟರ್ ಎಂಬ ಪದಕ್ಕೆ ನಮ್ಮೂರಿನಲ್ಲಿ ಹುಟ್ಟುವ ಜೋಕುಗಳನ್ನು ಇಲ್ಲಿ ಬರೆಯುವುದಿಲ್ಲ. ಹೂವಿನವಳಿಂದ ಹಿಡಿದು ನನ್ನ ಭಾವನವರ ತನಕ ಎಲ್ಲರೂ ಹೇಳಿ ಮುಗಿಸಿದ್ದಾರೆ.

ತೊಂದರೆ ಬಂದದ್ದು ಶುರುವಿನಲ್ಲಿ. ಒಮ್ಮೆ ಹೊರಟರೆ ಎಲ್ಲ ಸುಸೂತ್ರ. ಯಾರು ಎಲ್ಲಿ ಸೇರಬೇಕೋ ಅಲ್ಲಿ ಇವರ ಕಣ್ಣು ಮೊದಲೇ ಹೋಗಿರುತ್ತಿತ್ತು. ಆದರೆ ಸಂಜೆಯ ಮೊದಲ ರಚನೆ ಎಲ್ಲರೂ ಒಟ್ಟಿಗೆ, ಜೋರಾಗಿ, ಒಂದೇ ಏಟಿಗೆ ಶುರುವಾಗಬೇಕಾದದ್ದು. ಇವರು ಕೈ ಎತ್ತಿ ಇಳಿಸಿದರೆ, ಅಟ್ಟದ ಮೇಲಿನ ಸ್ಟೀಲ್ ಪಾತ್ರೆಗಳು ಒಂದೊಂದಾಗಿ ಉರುಳಿದ ಹಾಗೆ ಕೇಳುತ್ತಿತ್ತು.

ವಯೊಲಿನ್ ನುಡಿಸುವ ಹಿರಿಯ ಅಮ್ಮನೊಬ್ಬರಿದ್ದಾರೆ. ಆರ್ಕೆಸ್ಟ್ರಾದ ಕಾರ್ಯದರ್ಶಿಯೂ ಅವರೇ. ಶುಕ್ರವಾರ ಫೋನ್ ಮಾಡಿದ್ದರು. ಇವರು ಸ್ಪೀಕರಿನಲ್ಲಿ ಇಟ್ಟಿದ್ದರಿಂದ ನನಗೂ ಕೇಳಿಸಿತು.

"ತಪ್ಪು ತಿಳ್ಕೋಬೇಡಿ ಮೇಷ್ಟ್ರೇ. ಈ ಸಲ ನೀವೇ ಮಾಡಿ. ಭಾನುವಾರವೂ ಶುರು ಹೀಗೇ ಆದ್ರೆ ಮುಂದಿನದಕ್ಕೆ ಹೊರಗಿಂದ ಯಾರನ್ನಾದ್ರೂ ಕರೆಸೋಣ. ನೀವು ನಿಮ್ಮ ಕುರ್ಚಿಗೆ ಬನ್ನಿ. ಕುರ್ಚಿ ಎಲ್ಲೂ ಓಡಿಹೋಗಲ್ಲ."

"ಆಗಲಿ ಅಮ್ಮ" ಎಂದರು ಇವರು. ಫೋನ್ ಇಟ್ಟ ಮೇಲೆ ಬಹಳ ಹೊತ್ತು ಕನ್ನಡಕ ಒರೆಸುತ್ತ ಕೂತಿದ್ದರು. ಹಿಂದಿನ ಸಾಲಿನ ಕುರ್ಚಿ ಅವರಿಗೆ ಅವಮಾನವೇನಲ್ಲ. ಆದರೆ ಬೆರಳ ಗೆಣ್ಣಿನ ಮೇಲೆ ಅಷ್ಟು ವರ್ಷ ಎಣಿಸಿಟ್ಟದ್ದು ಒಂದು ಸಲವಾದರೂ ಕೈಯಿಂದ ಹೊರಗೆ ಬರಲಿ ಎಂಬ ಆಸೆ ಎಷ್ಟಿತ್ತು ಎಂದು ನನಗೆ ಗೊತ್ತಿತ್ತು.

ಕಾರ್ಯಕ್ರಮದ ದಿನ ಹತ್ತೂವರೆಗೆ ಕೊನೆಯ ಅಭ್ಯಾಸ. ಎಲ್ಲರಿಗೂ ತಿಂಡಿ ನಾನು ತರುತ್ತೇನೆ ಎಂದು ಒಪ್ಪಿಕೊಂಡಿದ್ದೆ. ದೊಡ್ಡ ಡಬ್ಬಿಯಲ್ಲಿ ನಿಂಬೆಹಣ್ಣಿನ ಚಿತ್ರಾನ್ನ, ಇನ್ನೊಂದರಲ್ಲಿ ಮೊಸರನ್ನ ಕಟ್ಟಿಕೊಂಡು ಆಟೋದಲ್ಲಿ ಹೋದೆ. ಬಾಗಿಲ ಬಳಿ ಡಬ್ಬಿ ಇಟ್ಟು ನೋಡುತ್ತ ನಿಂತೆ.

ಇವರು ಕೈ ಎತ್ತಿದರು. ಎತ್ತಿದ್ದೇ ತಡ, ಹಿಂದಿನಿಂದ ಎರಡು ಕ್ಲಾರಿನೆಟ್ ಭರ್ಜರಿಯಾಗಿ ಹೊರಟವು. ಕೈ ಕೆಳಗಿಳಿದಾಗ ವಯೊಲಿನ್‌ಗಳು ಹೊರಟವು. ಉಳಿದವರು ಅತ್ತ ನೋಡಿ ಇತ್ತ ನೋಡಿ, ಅನುಕೂಲವಾದಾಗ ಸೇರಿಕೊಂಡರು.

"ಸ್ವಲ್ಪ ಬೇಗ ಬಂದ್ರಿ" ಎಂದರು ಇವರು ಕ್ಲಾರಿನೆಟ್ಟಿನ ಕಡೆ ನೋಡಿ.

ಆ ಇಬ್ಬರು ಅಣ್ಣತಮ್ಮಂದಿರು. ಸುದ್ದಗುಂಟೆಪಾಳ್ಯದವರು. ವಾರದ ದಿನಗಳಲ್ಲಿ ಮದುವೆಗಳಿಗೆ ನುಡಿಸುತ್ತಾರೆ. ಅಣ್ಣ ಹೇಳಿದ, "ಎಲ್ಲಿ ಬೇಗ ಸಾರ್? ನೀವು ಕೈ ಎತ್ತಿದ್ರಿ, ನಾವು ಹೊರಟ್ವಿ. ಮಂಟಪದಲ್ಲಿ ಪುರೋಹಿತರು ಕೈ ಎತ್ತಿದ ಮೇಲೆ ನಿಂತ್ಕೊಂಡು ಯೋಚ್ನೆ ಮಾಡಿದ್ರೆ ಗಟ್ಟಿಮೇಳ ಇಲ್ಲದೇನೇ ತಾಳಿ ಬೀಳುತ್ತೆ."

ಎಲ್ಲರೂ ನಕ್ಕರು. ವಯೊಲಿನ್ ಅಮ್ಮ ನಗಲಿಲ್ಲ. "ಇಲ್ಲಿ ಯಾರ ಮದುವೆಯಪ್ಪ? ಕೈ ಕೆಳಗೆ ಬಿದ್ದಾಗ ತಾನೆ ಲೆಕ್ಕ."

"ನೀವು ತೊಡೆ ತಟ್ಟಿ ತಾಳ ಹಾಕೋರಮ್ಮ. ನಿಮಗೆ ಕೆಳಗೆ ಬಿದ್ರೇನೇ ಲೆಕ್ಕ" ಎಂದ ತಮ್ಮ.

ನಮ್ಮವರು ಮೂರು ವಾರದಿಂದ ಹೇಳುತ್ತಿದ್ದುದನ್ನೇ ಮತ್ತೆ ಹೇಳಿದರು: ಮೇಲೆತ್ತುವುದು ಅಪ್ ಬೀಟ್, ಪ್ರಿಪರೇಷನ್, ಕೆಳಗಿಳಿಸುವುದು ಡೌನ್ ಬೀಟ್, ಅಲ್ಲಿಂದ ಎಂಟ್ರಿ. ಎಲ್ಲರೂ ಶಾಲೆ ಮಕ್ಕಳ ಹಾಗೆ ತಲೆಯಾಡಿಸಿದರು. ಮತ್ತೆ ಎತ್ತಿದರು. ಮತ್ತೆ ಪಾತ್ರೆಗಳು ಉರುಳಿದವು. "ತಿಂಡಿ ತಿನ್ನೋಣ" ಎಂದರು ಇವರು.

ಎಲ್ಲರಿಗೂ ಬಡಿಸಿ ನಾನು ಇವರ ಪಕ್ಕ ಮೆಟ್ಟಿಲ ಮೇಲೆ ಕೂತೆ. ಇವರು ಚಿತ್ರಾನ್ನದಲ್ಲಿದ್ದ ಕಡ್ಲೆಕಾಯಿ ಬೀಜಗಳನ್ನು ಒಂದು ಬದಿಗೆ ಸರಿಸುತ್ತಿದ್ದರು, ಒಂದೂ ತಿನ್ನದೆ. ಆಗ ನನಗೆ ನನ್ನದೇ ಬಾಲ್ಯ ನೆನಪಾಯಿತು. ಬೆಳಗ್ಗೆ ಕಾನ್ವೆಂಟಿನಲ್ಲಿ ಪ್ರಾರ್ಥನೆಗೆ ಮುಂಚೆ ಪಿಯಾನೋ ಮುಂದೆ ಕೂತ ಸಿಸ್ಟರ್ ತಲೆ ಎತ್ತಿ ಮೂಗಿನಲ್ಲಿ ಸೊರ್ ಎಂದು ಉಸಿರೆಳೆಯುತ್ತಿದ್ದರು. ಮುನ್ನೂರು ಹುಡುಗಿಯರೂ ಅವರ ಜೊತೆಗೇ ಉಸಿರೆಳೆದು ಹಾಡಿಗೆ ಇಳಿಯುತ್ತಿದ್ದೆವು. ಸಂಜೆ ಪಾಠದ ಮನೆಯಲ್ಲಿ ಚಾಪೆ ಮೇಲೆ ಕೂತು ತೊಡೆಗೆ ತಾಳ. ಒಂದು ಪೆಟ್ಟು, ಮೂರು ಬೆರಳು, ಆಮೇಲೆ ಪೆಟ್ಟು, ಹುಸಿ, ಪೆಟ್ಟು, ಹುಸಿ. ಅಂಗೈ ಮೇಲೆ ಮಾಡಿ ಸದ್ದಿಲ್ಲದೆ ಬೀಸುವ ಆ ಕೊನೆಯ ಹುಸಿ ಆದ ಮೇಲೇ ಮತ್ತೆ ಮೊದಲ ಪೆಟ್ಟು. ಎರಡೂ ಕಡೆ ಕಲಿತದ್ದು ಒಂದೇ ಎಂದು ನನಗೆ ಅಲ್ಲಿಯ ತನಕ ಹೊಳೆದಿರಲಿಲ್ಲ.

"ರೀ, ನೀವು ಕೈ ಎತ್ತೋದು ಹುಸಿ ಅಲ್ವಾ?"

ಅವರು ತಲೆ ಎತ್ತಿದರು. "ನಾನೇನೇ ಸುಳ್ಳು ಹೇಳ್ದೆ?"

"ಸುಳ್ಳಲ್ಲರೀ, ತಾಳದ ಹುಸಿ. ಪೆಟ್ಟಿಗೆ ಮುಂಚೆ ಬರೋದು. ಇಂಗ್ಲಿಷ್ ಬಿಟ್ಟು ಹಾಗಂತ ಹೇಳಿ ನೋಡಿ. ಆ ಕ್ಲಾರಿನೆಟ್ಟಿನವರಿಗೂ ತಾಳ ಗೊತ್ತಿರತ್ತೆ."

ಇವರು ಬ್ಯಾಂಡಿನಲ್ಲಿ ಬೆಳೆದವರು, ತೊಡೆಗೆ ತಾಳ ಹಾಕಿದವರಲ್ಲ. ನನ್ನ ಕೈಯಿಂದ ಎರಡು ಆವರ್ತ ಹಾಕಿಸಿ ನೋಡಿದರು. ಆಮೇಲೆ ಬದಿಗೆ ಸರಿಸಿದ್ದ ಕಡ್ಲೆಕಾಯಿ ಬೀಜವನ್ನೆಲ್ಲ ಒಟ್ಟಿಗೆ ಬಾಯಿಗೆ ಹಾಕಿಕೊಂಡು ಎದ್ದರು.

ಒಳಗೆ ಹೋಗಿ, "ನೋಡಿ, ನಾನು ಕೈ ಎತ್ತೋದು ಕೊನೇ ಹುಸಿ. ಕೆಳಗೆ ಬಿದ್ದಾಗ ಮೊದಲ್ನೇ ಪೆಟ್ಟು. ಅಷ್ಟೇ" ಎಂದರು.

ಕ್ಲಾರಿನೆಟ್ ಅಣ್ಣ ಬೇಜಾರಿನಿಂದಲೇ ಹೇಳಿದ, "ಹುಸೀನಾ ಸಾರ್? ಮೂರು ವಾರದಿಂದ ಏನೇನೋ ಬೀಟ್ ಅಂತಿದ್ರಲ್ಲ."

"ಹುಸಿಗೆ ಯಾರಾದ್ರೂ ನುಡಿಸ್ತಾರೇನಪ್ಪ" ಎಂದರು ವಯೊಲಿನ್ ಅಮ್ಮ, ಕಮಾನಿಗೆ ರಾಳ ಉಜ್ಜುತ್ತ. ಆ ಮಾತು ಕ್ಲಾರಿನೆಟ್ಟಿಗೋ ಇವರಿಗೋ ತಿಳಿಯಲಿಲ್ಲ.

ನಾಲ್ಕು ಸಲ ಶುರು ಮಾಡಿದರು. ಮೂರು ಸಲ ಒಂದೇ ಏಟಿಗೆ ಬಂತು. ನಾಲ್ಕನೆಯದು ಮತ್ತೆ ಉರುಳಿತು. ಅಷ್ಟರಲ್ಲಿ ಹಾಲ್ ಬಿಟ್ಟುಕೊಡುವ ಹೊತ್ತಾಯಿತು. ಮನೆಗೆ ಬರುವಾಗ ಆಟೋದಲ್ಲಿ ಇವರು ಮೂರನ್ನು ಬಿಟ್ಟು ಆ ಒಂದರ ಬಗ್ಗೆಯೇ ಯೋಚಿಸುತ್ತಿದ್ದರು ಎಂದು ಅವರ ಮೊಣಕಾಲಿನ ಮೇಲೆ ಏಳುತ್ತಿದ್ದ ಕೈ ನೋಡಿಯೇ ತಿಳಿಯಿತು.

ಸಂಜೆ ಪಕ್ಕದ ಮನೆ ಆಂಟಿಯೂ ಅಪರೂಪಕ್ಕೆ ಹೊರಗೆ ತೆಗೆದ ನಮ್ಮ ಕಾರಿನಲ್ಲೇ ಬಂದರು. ರಾಣಿ ಬಣ್ಣದ ರೇಷ್ಮೆ ಸೀರೆ, ಮಲ್ಲಿಗೆ, ಕೈಚೀಲದಲ್ಲಿ ಪೆಪ್ಪರಮಿಂಟು. "ಎಷ್ಟು ಹೊತ್ತು ಆಗುತ್ತೆ ಮೇಷ್ಟ್ರೇ? ನನಗೆ ಎಂಟು ಗಂಟೆಗೆ ಮಾತ್ರೆ ಇದೆ" ಎಂದರು. ಏಳೂಕಾಲಿಗೆ ಮುಗಿಯುತ್ತದೆ ಎಂದು ಇವರು ಆಣೆ ಇಟ್ಟ ಹಾಗೆ ಹೇಳಿದರು.

ನಾವಿಬ್ಬರೂ ಮೂರನೇ ಸಾಲಿನಲ್ಲಿ ಕೂತೆವು. ಮೊದಲ ಸಾಲಿನಲ್ಲಿ ಹಿರಿಯ ಕಂಡಕ್ಟರು ಊರುಗೋಲಿಗೆ ಗಲ್ಲ ಊರಿಕೊಂಡಿದ್ದರು. ಇವರು ಬಂದರು. ಕಪ್ಪು ಕೋಟಿನ ತೋಳು ಎಂದಿನಂತೆ ಎರಡು ಬೆರಳು ಗಿಡ್ಡ. ನಮಸ್ಕಾರ ಮಾಡಿ ಬೆನ್ನು ತಿರುಗಿಸಿದರು. ಮದುವೆಯಾದ ಮೇಲೆ ಅವರ ಬೆನ್ನನ್ನು ಅಷ್ಟು ಗಮನವಿಟ್ಟು ನೋಡಿದ್ದು ಅದೇ ಮೊದಲು. ಕಾಲರಿನ ಹಿಂದೆ ಇಸ್ತ್ರಿಯ ಒಂದು ಸುಕ್ಕು ನನ್ನ ಕಣ್ಣು ತಪ್ಪಿಸಿ ಉಳಿದುಕೊಂಡಿತ್ತು.

ಬಿಳಿ ಕೋಲು ಮೇಲೆದ್ದಿತು. ಕ್ಲಾರಿನೆಟ್‌ಗಳು ತುಟಿಗೆ ಬಂದವು. ಪಕ್ಕದಲ್ಲಿ ಪೆಪ್ಪರಮಿಂಟಿನ ಕಾಗದದ ಸದ್ದೂ ನಿಂತಿತು.

ಆಗ ಕೇಳಿಸಿತು. ವರಾಂಡದ ಆ ಉಸಿರು. ಆರೂಕಾಲರ ಉಸಿರು, ಎದೆ ತುಂಬ, ಮೂಗಿನಲ್ಲಿ ಸ್ವಲ್ಪ ಸೊರ್ ಎನ್ನುವಂಥದು. ಬೆಳಗ್ಗೆ ಮನೆಯಲ್ಲೂ, ಆಮೇಲೆ ಅಭ್ಯಾಸದಲ್ಲೂ ಅವರು ಉಸಿರು ಬಿಗಿಹಿಡಿದುಕೊಂಡೇ ಕೈ ಎತ್ತುತ್ತಿದ್ದರು ಎಂದು ನನಗೆ ಹೊಳೆದದ್ದೂ ಆಗಲೇ. ಉಸಿರಿನ ಜೊತೆಗೇ ನನ್ನ ಪಕ್ಕದಲ್ಲಿ ಆಂಟಿಯ ಬಲಗೈ ಮಡಿಲಿನಿಂದ ತಾನಾಗಿ ಎದ್ದು, ಮುಂದೆ ಚಾಚಿ, ಗಾಳಿಯಲ್ಲಿ ಮಣಿಕಟ್ಟು ತಿರುಗಿಸಿತು. ಆಂಟಿಗೂ ಹುಸಿ ಗೊತ್ತಲ್ಲ ಎಂದು ನಾನು ಬೆರಗಾದೆ.

ಕೋಲು ಕೆಳಗಿಳಿಯಿತು. ಮೂವತ್ತು ಜನ ಒಂದೇ ಬಾಗಿಲು ತೆರೆದ ಹಾಗೆ ಬಂತು ಆ ಸ್ವರ. ಒಂದು ಪಾತ್ರೆಯೂ ಉರುಳಲಿಲ್ಲ. ಹಿರಿಯ ಕಂಡಕ್ಟರು ಊರುಗೋಲಿನಿಂದ ಗಲ್ಲ ತೆಗೆದು ಕುರ್ಚಿಗೆ ಒರಗಿದರು. ಆಮೇಲಿನದೆಲ್ಲ ನನಗೆ ಅಷ್ಟಾಗಿ ನೆನಪಿಲ್ಲ.

ಮುಗಿದ ಮೇಲೆ ವಯೊಲಿನ್ ಅಮ್ಮ ಪೆಟ್ಟಿಗೆ ಮುಚ್ಚುತ್ತ, ಇವರ ಮುಖ ನೋಡದೆ ಹೇಳಿದರು, "ಮೇಷ್ಟ್ರೇ, ನಿಮ್ಮ ಹಳೇ ಕುರ್ಚಿಗೆ ಯಾರಾದ್ರೂ ಟ್ರೊಂಬೋನಿನವರನ್ನ ಹುಡುಕಿ. ಇನ್ನು ಅದು ಖಾಲಿ ಇಟ್ರೆ ಚೆನ್ನಾಗಿರಲ್ಲ." ಕ್ಲಾರಿನೆಟ್ ತಮ್ಮ ಬಂದು, "ಸಖತ್ ಹುಸಿ ಸಾರ್" ಎಂದು ಕೈ ಕುಲುಕಿ ಹೋದ. ಹಾಗಂತ ಹೊಗಳಿಸಿಕೊಂಡ ಮನುಷ್ಯ ಬೆಂಗಳೂರಿನಲ್ಲಿ ಇವರೊಬ್ಬರೇ ಇರಬೇಕು.

ಕಾರಿನಲ್ಲಿ ಬರುವಾಗ ಇವರು ಹಗುರವಾಗಿದ್ದರು. ಸಿಗ್ನಲ್ಲಿನಲ್ಲಿ ನಿಂತಾಗಲೂ ಕೈ ಸ್ಟೀರಿಂಗಿನ ಮೇಲೆ ಮೆಲ್ಲಗೆ ಪೆಟ್ಟು, ಹುಸಿ ಹಾಕುತ್ತಿತ್ತು. ನಮ್ಮ ಬೀದಿಗೆ ತಿರುಗುವಾಗ, "ಕುರ್ಚಿಗೆ ನಮ್ಮ ಲಾಡಿ ಹುಡುಗೀನ ಕರೆದ್ರೆ ಹೇಗೆ?" ಎಂದರು. ಅದರ ಬೆನ್ನಿಗೇ, "ಇನ್ನು ಪೆಟ್ಟಿಗೆ ಅಟ್ಟಕ್ಕೆ ಹೋಗುತ್ತೋ ಏನೋ" ಎಂದರು, ಅರ್ಧ ತಮಾಷೆಗೆ. ಅಟ್ಟಕ್ಕೆ ಹೋಗಲು ಅದು ಮೊದಲು ಹೊಸ್ತಿಲು ದಾಟಬೇಕು ಎಂದು ನಾನು ಹೇಳಲು ಹೊರಟಿದ್ದೆ. ಅಷ್ಟರಲ್ಲಿ ಮನೆ ಬಂತು.

ಎಂಟಕ್ಕೆ ಐದು ನಿಮಿಷವಿತ್ತು. ಆಂಟಿ ಇಳಿದು, ಸೀರೆಯ ನೆರಿಗೆ ಸರಿ ಮಾಡಿಕೊಂಡು, ತಮ್ಮ ಗೇಟಿನ ಚಿಲಕ ತೆಗೆಯುತ್ತ ತಿರುಗಿದರು.

"ಎಲ್ಲಾ ಸರಿ ಮೇಷ್ಟ್ರೇ, ನಾಳೆ ಊದ್ತೀರಿ ತಾನೆ? ಇಷ್ಟು ವರ್ಷದಿಂದ ನೀವು ಉಸಿರೆಳೆದ ತಕ್ಷಣ ನಾನು ಕೈ ಚಾಚಿ ಒಲೆ ಆರಿಸೋದು. ಇವತ್ತು ಬೆಳಗ್ಗೆ ನೀವು ಸುಮ್ನೆ ಕೂತ್ರಿ, ನನ್ನ ಅರ್ಧ ಲೀಟರ್ ಹಾಲು ಉಕ್ಕಿ ಒಲೆ ಪಾಲಾಯ್ತು."